ಹೊಟ್ಟೆಯದಲ್ಲ, ಕಾಲಿನದು

ಮೈಸೂರು
4 ಜೂನ್ 2023

ಅಮ್ಮ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ಎರಡನೇ ನಿಮಿಷಕ್ಕೆ ನೀನು ‘ಈಗೆಷ್ಟು ತೂಕ ಇದ್ದೀಯೇ’ ಅನ್ನುತ್ತೀಯ, ನಾನು ಫೋನ್ ಇಡುತ್ತೇನೆ. ಕಾಗದವಾದರೆ ಇಬ್ಬರೂ ಮಾತು ಮುಗಿಸಬಹುದು.

ನಿನ್ನ ಪಿತ್ತಕೋಶದಲ್ಲಿ ಕಲ್ಲಾಗಿದೆ, ಶಿವಮೊಗ್ಗದಲ್ಲಿ ಆಪರೇಷನ್ ಮಾಡಿಸುತ್ತಾರೆ ಎಂದು ಪ್ರಸಾದ ಲಕ್ಕವಳ್ಳಿಯಿಂದ ಮೆಸೇಜು ಹಾಕಿದ್ದ. ಹುಷಾರಾಗಿರು. ಇದು ಒಂದು ವಿಷಯ.

ಇನ್ನೊಂದು, ನಾನು ಇಲ್ಲಿ ಪಿಎಚ್.ಡಿ.ಗೆ ಏನು ಓದುತ್ತಿದ್ದೇನೆಂದು ನೀನು ಒಮ್ಮೆಯೂ ಕೇಳಿಲ್ಲ. ಕೊಬ್ಬನ್ನು ಓದುತ್ತಿದ್ದೇನೆ. ಮನುಷ್ಯರ ಮೈಯಲ್ಲಿ ಕೊಬ್ಬಿನ ಕೋಶ ಹೇಗೆ ಹುಟ್ಟುತ್ತದೆ, ಹೇಗೆ ತುಂಬಿಕೊಳ್ಳುತ್ತದೆ, ಯಾರು ಅದಕ್ಕೆ ಹೂಂ ಅನ್ನುತ್ತಾರೆ, ಯಾರು ಊಹೂಂ ಅನ್ನುತ್ತಾರೆ ಎಂಬುದನ್ನು. ಯಾವುದನ್ನು ಕರಗಿಸಲು ನೀನು ನನ್ನನ್ನು ನಾಲ್ಕು ವರ್ಷ ಹಸಿದುಕೊಂಡು ಮಲಗಿಸಿದೆಯೋ ಅದೇ ಈಗ ನನ್ನ ಅನ್ನ.

ಶಿವಮೊಗ್ಗದ ಆ ಆಸ್ಪತ್ರೆಯವರು ನಮ್ಮ ಲ್ಯಾಬಿನ ಜೊತೆ ಕೆಲಸ ಮಾಡುತ್ತಾರೆ. ಆಪರೇಷನ್ನಿಗೆ ಹೊಟ್ಟೆ ತೆರೆದಾಗ, ರೋಗಿ ಒಪ್ಪಿದರೆ, ಚರ್ಮದ ಕೆಳಗಿನ ಕೊಬ್ಬನ್ನು ಬಟಾಣಿ ಕಾಳಿನಷ್ಟು ತೆಗೆದು ಕಳಿಸುತ್ತಾರೆ. ನಿನ್ನದೂ ಬೇಕು. ಚೀಟಿಯ ಮೇಲೆ ನಂಬರ್ ಮಾತ್ರ ಇರುತ್ತದೆ, ಹೆಸರಿರುವುದಿಲ್ಲ. ನೀನು ನನ್ನ ತಾಯಿಯಾದ್ದರಿಂದ ಅದನ್ನು ನಾನು ಮುಟ್ಟುವಂತೆಯೂ ಇಲ್ಲ, ಬೇರೆಯವರು ನೋಡುತ್ತಾರೆ.

ಬೇಡ ಅನ್ನಬಹುದು. ಅಂದರೆ ನನಗೇನೂ ಆಶ್ಚರ್ಯವಿಲ್ಲ.

ಕೋಮಲಾ

*

ಅಜ್ಜಂಪುರ
13 ಜೂನ್ 2023

ಕೋಮಲಾ,

ಪೋಸ್ಟ್‌ಮನ್ ಹಾಲೇಶ ಕಾಗದವನ್ನು ಅಂಗಡಿಗೇ ತಂದುಕೊಟ್ಟ. ‘ಮಗಳ ಕಾಗ್ದ ಕಣಕ್ಕ. ಈ ಕಾಲದಲ್ಲೂ ಕೈಯಲ್ಲಿ ಬರೀತಾಳಲ್ಲ, ಪುಣ್ಯ ಮಾಡಿದ್ದೀಯ’ ಅಂದ. ಒಳಗೆ ಏನಿದೆಯೆಂದು ತಿಳಿದಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಮೂರು ವರ್ಷ ಹಬ್ಬಕ್ಕಿಲ್ಲ, ಹುಣ್ಣಿಮೆಗಿಲ್ಲ, ತಮ್ಮ ಪ್ರಸಾದನ ಮಗುವಿನ ಮುಖ ನೋಡಿಲ್ಲ. ಈಗ ಒಂದು ಕಾಗದ ಬರೆದು ಅಮ್ಮಾ ನಿನ್ನ ಕೊಬ್ಬು ಕೊಡು ಅನ್ನುತ್ತೀಯ. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಓದುವಾಗ ನಗು ಬಂದು, ಕಾಜಾ ಹಾಕುತ್ತಿದ್ದ ರವಿಕೆಯ ಮೇಲೆ ಕತ್ತರಿ ಬಿತ್ತು.

ಕೊಡುವುದಿಲ್ಲ.

ಹೋದ ವಾರ ಸ್ಕ್ಯಾನ್ ಮಾಡಿದ ಡಾಕ್ಟರು, ಹನ್ನೆರಡು ಜನ ಸಾಲಾಗಿ ಕೂತಿದ್ದ ಕೋಣೆಯಲ್ಲಿ ಗಟ್ಟಿಯಾಗಿ, ‘ದಪ್ಪ ಇರೋ ಹೆಂಗಸ್ರಿಗೇ ಈ ಕಲ್ಲು ಬರೋದು’ ಅಂದರು. ಹನ್ನೆರಡು ಜನವೂ ತಿರುಗಿ ನೋಡಿದರು. ಅವರ ಪಾಲಿಗೆ ನಾನೊಂದು ಕಲ್ಲಿನ ಗಣಿ. ಇನ್ನು ನಿಮ್ಮ ಲ್ಯಾಬಿನವರೂ ಶೀಶೆಯಲ್ಲಿ ನನ್ನನ್ನು ಹಾಕಿಟ್ಟುಕೊಂಡು ನೋಡಬೇಕೇ?

ಅಷ್ಟಕ್ಕೂ ಯಾರೋ ಹೂಂ, ಯಾರೋ ಊಹೂಂ ಅನ್ನುತ್ತಾರೆ ಎಂದು ಬರೆದಿದ್ದೀಯಲ್ಲ, ಯಾರು ಅವರು? ನನಗೆ ತಿಳಿಯುವ ಹಾಗೆ ಬರೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಪೆದ್ದಿಯಲ್ಲ.

ಪ್ರೇಮಮ್ಮ

*

ಮೈಸೂರು
25 ಜೂನ್ 2023

ಅಮ್ಮ,

ಕೇಳಿದ್ದೀಯ, ಹೇಳುತ್ತೇನೆ. ನೀನು ನನ್ನನ್ನು ಓದಿನ ಬಗ್ಗೆ ಪ್ರಶ್ನೆ ಕೇಳಿದ್ದು ಇದೇ ಮೊದಲು.

ಮೈಯ ಪ್ರತಿಯೊಂದು ಕೋಶದಲ್ಲೂ ಏನೇನು ಮಾಡಬೇಕೆಂಬ ಪೂರ್ತಿ ಪುಸ್ತಕವಿದೆ. ಬೇಕಾದಾಗ ಒಂದು ಪುಟದ ನಕಲು ಹೊರಗೆ ಬರುತ್ತದೆ. ಅದನ್ನು ಓದಿಕೊಂಡು ಕೋಶ ಕೆಲಸ ಮಾಡುತ್ತದೆ. ಮೈಕ್ರೋ ಆರ್‌ಎನ್‌ಎ ಎಂಬುದು ಇಪ್ಪತ್ತೆರಡು ಅಕ್ಷರದಷ್ಟು ಉದ್ದದ ಒಂದು ಚೂರು. ಅದು ಹೋಗಿ ಆ ನಕಲಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಆ ಕೆಲಸ ನಿಲ್ಲುತ್ತದೆ, ಇಲ್ಲವೇ ಅರ್ಧಂಬರ್ಧ ಆಗುತ್ತದೆ. ಕತ್ತರಿಸಿಟ್ಟ ಬಟ್ಟೆಗೆ ‘ಈಗ ಹೊಲೀಬೇಡ’ ಎಂದು ಚೀಟಿ ಬರೆದು ನೀನು ಗುಂಡುಸೂಜಿ ಚುಚ್ಚಿಡುತ್ತೀಯಲ್ಲ, ಹಾಗೆ.

ಚರ್ಮದ ಕೆಳಗೆ ಇನ್ನೂ ಏನೂ ಆಗದ ಎಳೆಯ ಕೋಶಗಳಿರುತ್ತವೆ. ಅವು ಕೊಬ್ಬಿನ ಕೋಶಗಳಾಗಲು ಹೊರಟಾಗ ಮಿರ್-27 ಎಂಬ ಚೂರು ಅಡ್ಡ ಬರುತ್ತದೆ. ಮಿರ್-143 ಎಂಬುದು ಹಿಂದಿನಿಂದ ತಳ್ಳುತ್ತದೆ. ಇಂಥವು ಎಷ್ಟೋ ಇವೆ. ಕೋಶದೊಳಗೆ ತುಂಬಿದ ಕೊಬ್ಬನ್ನು ಕರಗಿಸಿ ಕಳಿಸಬೇಕೋ ಕೂಡಿಡಬೇಕೋ ಎನ್ನುವುದರಲ್ಲೂ ಇವುಗಳ ಕೈವಾಡವಿದೆ. ಎಲ್ಲವನ್ನೂ ಇವೇ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ಊಟ, ನಿದ್ದೆ, ವಯಸ್ಸು, ಹಾರ್ಮೋನು ಎಲ್ಲವೂ ಸೇರುತ್ತವೆ. ಊಟ ಬದಲಾದರೆ ಈ ಚೂರುಗಳ ಪ್ರಮಾಣವೂ ಬದಲಾಗುತ್ತದೆ. ಆದರೆ ಒಂದೇ ಪಾತ್ರೆಯ ಅನ್ನ ಉಂಡ ಇಬ್ಬರು ಮಕ್ಕಳ ಮೈ ಒಂದೇ ಥರ ಇರಬೇಕು ಎನ್ನುವವರಿಗೆ ಏನೂ ಗೊತ್ತಿಲ್ಲ.

ನಮ್ಮ ಮನೆಯಲ್ಲಂತೂ ಪಾತ್ರೆಯೂ ಒಂದೇ ಇರಲಿಲ್ಲ. ಪ್ರಸಾದನಿಗೆ ತುಪ್ಪ, ನನಗೆ ಹುರುಳಿಕಟ್ಟಿನ ನೀರು. ಮಂಡಕ್ಕಿ ಡಬ್ಬಿಗೂ ನೀನು ಬೀಗ ಹಾಕಿದ್ದೆ. ಪ್ರತಿ ಭಾನುವಾರ ಅಂಗಡಿಯ ಪರದೆಯ ಹಿಂದೆ ನಿಲ್ಲಿಸಿಕೊಂಡು ಅಳತೆ ತೆಗೆದು, ಸಂಖ್ಯೆ ಕೆಳಗಿಳಿಯದಿದ್ದರೆ ನನ್ನ ಜೊತೆ ಸಂಜೆಯವರೆಗೆ ಮಾತಾಡುತ್ತಿರಲಿಲ್ಲ. ಹದಿಮೂರರಿಂದ ಹದಿನೇಳರವರೆಗೆ. ಪ್ರಸಾದನ ಮದುವೆಗೆ ನೀನು ನನಗೆ ಹೊಲಿದ ರವಿಕೆ ಎರಡಿಂಚು ಚಿಕ್ಕದಿತ್ತು. ಮೂವತ್ತು ವರ್ಷ ಹೊಲಿದ ಕೈ ಎರಡಿಂಚು ತಪ್ಪುವುದಿಲ್ಲ. ‘ಅಷ್ಟೊತ್ತಿಗೆ ಇಳಿಸ್ಕೋತಾಳೆ ಅಂದ್ಕೊಂಡೆ’ ಎಂದು ಬೀಗರ ಮುಂದೆ ನಕ್ಕೆ. ಆ ದಿನ ಛತ್ರದಿಂದ ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋದವಳು ನಾನು. ಯಾಕೆ ಬರುತ್ತಿಲ್ಲವೆಂದು ಇನ್ನು ಕೇಳಬೇಡ.

ಕೋಮಲಾ

*

ಅಜ್ಜಂಪುರ
9 ಜುಲೈ 2023

ಕೋಮಲಾ,

ಕೊಡುತ್ತೇನೆ. ಆದರೆ ಹೊಟ್ಟೆಯದಲ್ಲ, ಕಾಲಿನದು.

ಚೀಟಿಯ ಮಾತು ಓದಿದ ಮೇಲೆ ನಾಲ್ಕು ದಿನ ತಲೆಯಲ್ಲಿ ಅದೇ ಓಡುತ್ತಿತ್ತು. ನನಗೆ ಹೊಟ್ಟೆ ಎಂದೂ ತೊಂದರೆ ಕೊಟ್ಟಿಲ್ಲ ಕಣೇ. ಮದುವೆಯಾದ ಹೊಸದರಲ್ಲಿ, ಪ್ರಸಾದ ಹುಟ್ಟಿದ ಮೇಲೆ, ಆಮೇಲೆ ಮೂವತ್ತೈದಕ್ಕೆ, ಮೂರು ಸಲ ನಾನು ಊಟ ಬಿಟ್ಟಿದ್ದೇನೆ. ನಿನಗೆ ಗೊತ್ತಿಲ್ಲ. ಪ್ರತಿ ಸಲವೂ ಮುಖ ಬಾಡಿತು, ಎದೆ ಇಳಿಯಿತು, ಕತ್ತಿನ ಮೂಳೆ ಕಂಡಿತು. ಕಾಲು ಮಾತ್ರ ಒಂದು ದಾರದಷ್ಟೂ ಕಡಿಮೆಯಾಗಲಿಲ್ಲ. ಸೊಂಟದಿಂದ ಪಾದದ ಗಂಟಿನವರೆಗೆ ಕಂಬ, ಗಂಟಿನ ಹತ್ತಿರ ಕಡಗ ಹಾಕಿದಂತೆ ನಿಂತುಬಿಡುತ್ತದೆ, ಪಾದ ನೋಡಿದರೆ ಹದಿನಾರರ ಹುಡುಗಿಯದು. ಒತ್ತಿದರೆ ನೋವು. ಮೇಜಿನ ಅಂಚು ತಗುಲಿದರೆ ಸಾಕು, ನೀಲಿಗಟ್ಟುತ್ತದೆ.

ನಾನೊಬ್ಬಳೇ ಅಲ್ಲ. ನನ್ನ ಅಳತೆ ಪುಸ್ತಕಗಳನ್ನೆಲ್ಲ ಇಳಿಸಿ ಕೂತೆ. ಮೂವತ್ತೊಂದು ವರ್ಷದವು, ಇಪ್ಪತ್ಮೂರು ಪುಸ್ತಕ. ಚೂಡಿದಾರ್ ಹೊಲಿಸಿಕೊಂಡವರ ಸೊಂಟ, ತೊಡೆ, ಮೀನಖಂಡ, ಗಂಟು ಎಲ್ಲ ಬರೆದಿದ್ದೇನೆ. ಕೆಲವರದು ಮೇಲೆ ಮೂವತ್ತೆರಡಾದರೆ ಕೆಳಗೆ ಐವತ್ತು. ಮೇಲೊಬ್ಬ ಹೆಂಗಸು, ಕೆಳಗೊಬ್ಬ ಹೆಂಗಸು. ಹತ್ತು ವರ್ಷದ ಮೇಲೆ ಅವರೇ ಬಂದಾಗ ಮೇಲಿನ ಅಳತೆ ಹೆಚ್ಚುಕಮ್ಮಿ ಆಗಿದೆ, ಕೆಳಗಿನದು ಏರಿದೆಯೇ ಹೊರತು ಇಳಿದಿಲ್ಲ. ಅಂತರಘಟ್ಟೆಯ ಕರಿಯಮ್ಮ ದಿನವಿಡೀ ಈರುಳ್ಳಿ ಹೊಲದಲ್ಲಿ ದುಡಿಯುವವಳು, ಅವಳ ಕಾಲೂ ಹೀಗೆಯೇ. ಅವಳು ತುಪ್ಪ ತಿಂದು ಬೆಳೆದವಳೇ?

ಮೊನ್ನೆ ಕಡೂರಿಗೆ ಹೋಗಿದ್ದೆ. ಅಲ್ಲಿ ಕಾಲುನೋವಿಗೆ ಹೆಸರಾದ ಒಬ್ಬ ಡಾಕ್ಟರಿದ್ದಾರೆ ಅಂದರು. ಕಾಲು ತೋರಿಸಲು ಸೀರೆ ಎತ್ತುವ ಮೊದಲೇ ಆತ ಚೀಟಿ ಬರೆಯುತ್ತಾ, ‘ತಿನ್ನೋದು ಕಡಿಮೆ ಮಾಡಮ್ಮ, ಎಲ್ಲ ಸರಿಹೋಗುತ್ತೆ’ ಅಂದ.

‘ನಾನೇನ್ ತಿಂತೀನಿ ಅಂತ ಕೇಳಿದ್ರಾ?’ ಅಂದೆ.

‘ನೋಡಿದ್ರೆ ಗೊತ್ತಾಗುತ್ತಲ್ಲಮ್ಮ.’

‘ಗೊತ್ತಾಗಲ್ಲ ಕಣ್ರೀ. ನಾನು ಟೈಲರ್ರು. ನೋಡಿ ಹೊಲ್ದಿದ್ರೆ ಒಂದು ರವ್ಕೆನೂ ಕೂರ್ತಿರ್ಲಿಲ್ಲ. ಮುಟ್ಟಿ ಅಳ್ತೆ ತಗೊಂಡು ಆಮೇಲೆ ಹೇಳಿ.’

ಆತ ಮುಟ್ಟಲಿಲ್ಲ. ನಾನು ಚೀಟಿಯನ್ನು ಅಲ್ಲೇ ಬಿಟ್ಟು ಬಂದೆ.

ನಿನ್ನ ಕಾಗದದ ಕೊನೆಯ ಭಾಗಕ್ಕೆ ಉತ್ತರ ಬರೆಯಲು ಕೂತಿದ್ದೆ. ಆಗಲಿಲ್ಲ.

ಪ್ರೇಮಮ್ಮ

*

ಮೈಸೂರು
20 ಜುಲೈ 2023

ಅಮ್ಮ,

ನೀನು ಬರೆದದ್ದಕ್ಕೆ ಹೆಸರಿದೆ. ಲಿಪೀಡಿಮಾ. ಹೆಚ್ಚುಕಡಿಮೆ ಹೆಂಗಸರಿಗೇ ಬರುತ್ತದೆ, ಮೈನೆರೆಯುವಾಗಲೋ ಬಸಿರಿನಲ್ಲೋ ಮುಟ್ಟು ನಿಲ್ಲುವಾಗಲೋ ಶುರುವಾಗುತ್ತದೆ. ಎರಡೂ ಕಾಲು ಒಂದೇ ಸಮ, ಪಾದ ಮಾತ್ರ ಬಿಟ್ಟು. ಒತ್ತಿದರೆ ನೋವು, ಬೇಗ ನೀಲಿಗಟ್ಟುವುದು, ಹಸಿವಿಗೆ ಬಗ್ಗದಿರುವುದು, ಎಲ್ಲ ಹೊಂದುತ್ತದೆ. ಎಷ್ಟೋ ಡಾಕ್ಟರುಗಳು ಬೊಜ್ಜೆಂದು ಹೇಳಿ ಕಳಿಸುತ್ತಾರೆ. ಕುಟುಂಬದಲ್ಲಿ ಇಳಿದುಬರುವುದು ಹೆಚ್ಚು.

ನಾನು ಕೊಬ್ಬಿನ ಲ್ಯಾಬಿನಲ್ಲಿ ಮೂರು ವರ್ಷದಿಂದ ಇದ್ದೇನೆ. ಈ ಹೆಸರನ್ನು ಓದಿದ್ದೆ. ನನ್ನ ಕಾಲಿಗೆ ಹೊಂದಿಸಿ ನೋಡಿರಲಿಲ್ಲ. ಮೊನ್ನೆ ಬಾಗಿಲು ಹಾಕಿಕೊಂಡು ನೋಡಿದೆ.

ನಿನ್ನ ಬೇಡಿಕೆಯನ್ನು ನಮ್ಮ ಸೀತಾದೇವಿ ಮೇಡಂ ಮುಂದಿಟ್ಟೆ. ಲ್ಯಾಬಿನ ಮುಖ್ಯಸ್ಥರು ಅವರೇ. ಅವರಿಗೆ ಆಸಕ್ತಿ ಬಂತು, ಆದರೆ ಕೈಕಟ್ಟಿದೆ. ನಮಗೆ ಒಪ್ಪಿಗೆ ಇರುವುದು ಹೊಟ್ಟೆಯ ಕೊಬ್ಬಿಗೆ ಮಾತ್ರ. ಕಾಲಿನದು ತೆಗೆಯಬೇಕಾದರೆ ಎಥಿಕ್ಸ್ ಕಮಿಟಿ ಹೊಸದಾಗಿ ಒಪ್ಪಬೇಕು. ರೋಗಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿ ಅದು. ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಆಪರೇಷನ್ ಕಾಯುವಂತಿಲ್ಲ. ಕಲ್ಲು ಜಾರಿ ನಾಳಕ್ಕೆ ಅಡ್ಡ ಕೂತರೆ ಜೀವಕ್ಕೇ ಕುತ್ತು ಬರುತ್ತದೆ. ಈ ವಿಷಯದಲ್ಲಿ ಹಟ ಮಾಡಬೇಡ. ಕಾಲಿನ ಮಾತು ಆಮೇಲೆ.

ಕೋಮಲಾ

*

ಅಜ್ಜಂಪುರ
28 ಜುಲೈ 2023

ಕೋಮಲಾ,

ಹಟ ಮಾಡುತ್ತೇನೆ. ಇದರ ಜೊತೆಗಿರುವ ಕಾಗದವನ್ನು ಆ ಕಮಿಟಿಗೆ ಕೊಡು. ನಕಲು ನನ್ನ ಹತ್ತಿರ ಇದೆ. ಅವರ ಉತ್ತರ ಬರುವವರೆಗೆ ನಾನು ಶಿವಮೊಗ್ಗಕ್ಕೆ ಹೋಗುವುದಿಲ್ಲ. ನಿಮ್ಮಪ್ಪ ಬೈದರು, ಪ್ರಸಾದ ಲಕ್ಕವಳ್ಳಿಯಿಂದ ರಜ ಹಾಕಿ ಬಂದು ಬೈದ. ಬೈಯುವುದು ಮುಗಿದ ಮೇಲೆ ಇಬ್ಬರಿಗೂ ಕಾಫಿ ಕೊಟ್ಟೆ.

ಪ್ರೇಮಮ್ಮ

‘ಕಮಿಟಿಯ ಮಾನ್ಯರಿಗೆ,

ನಾನು ಅಜ್ಜಂಪುರದ ಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುವವಳು. ನೀವು ಹೊಟ್ಟೆಯ ಕೊಬ್ಬು ಕೇಳುತ್ತಿದ್ದೀರಂತೆ. ನನಗೆ ತೊಂದರೆ ಕೊಟ್ಟದ್ದು ಕಾಲು. ಮೊಳಕಾಲು ನೋವೆಂದವಳ ಮೊಳಕೈ ನೋಡಿದರೆ ಏನು ತಿಳಿದೀತು?

ಈ ಕಾಲಿನ ದೆಸೆಯಿಂದ ನನಗೆ ಹೊಟ್ಟೆಬಾಕಿ ಎಂಬ ಹೆಸರು ಬಂದಿದೆ. ಉಪವಾಸ ಬಿದ್ದಿದ್ದಾಗಲೂ ಬಂದಿದೆ. ನನ್ನ ತಾಲ್ಲೂಕಿನಲ್ಲಿ, ಪಕ್ಕದ ತರೀಕೆರೆ, ಕಡೂರಿನಲ್ಲಿ ಇಂಥ ಕಾಲಿನವರು ಎಷ್ಟು ಜನರಿದ್ದಾರೆಂದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿದೆ, ಬರೆದಿಟ್ಟಿದ್ದೇನೆ. ಯಾರ ಅಳತೆಯನ್ನೂ ಅವರನ್ನು ಕೇಳದೆ ನಿಮಗೆ ತೋರಿಸುವುದಿಲ್ಲ. ಆ ನೀತಿ ನನಗೂ ಇದೆ.

ನನ್ನನ್ನು ರಕ್ಷಿಸಲು ನೀವು ಕೂತಿದ್ದೀರಿ ಎಂದು ಮಗಳು ಬರೆದಿದ್ದಾಳೆ. ಸಂತೋಷ. ನೋವಿನಿಂದ ರಕ್ಷಿಸುವುದು ಸರಿ, ಉತ್ತರದಿಂದ ರಕ್ಷಿಸಬೇಡಿ. ಒಂದು ಷರತ್ತಿದೆ. ಏನು ಸಿಕ್ಕಿತೋ, ಏನೂ ಸಿಗಲಿಲ್ಲವೋ, ಅದನ್ನು ಕನ್ನಡದಲ್ಲಿ ನಮಗೆ ಬರೆದು ಕಳಿಸಬೇಕು.

ಪ್ರೇಮಮ್ಮ, ಅಜ್ಜಂಪುರ’

*

ಶಿವಮೊಗ್ಗ, ಆಸ್ಪತ್ರೆ
19 ಆಗಸ್ಟ್ 2023

ಅಮ್ಮ,

ನೀನು ನಿದ್ದೆಯಲ್ಲಿದ್ದೀಯ. ಎದ್ದರೆ ಜಗಳವಾಗುತ್ತದೆ, ಹೊಲಿಗೆ ಬಿಟ್ಟೀತು. ಅದಕ್ಕೇ ಬರೆದು ದಿಂಬಿನ ಕೆಳಗಿಡುತ್ತಿದ್ದೇನೆ.

ಮೊನ್ನೆ ನಿನಗೆ ಜ್ವರ ಬಂದು ಕಣ್ಣು ಹಳದಿಯಾಗಿತ್ತಂತೆ. ನಿನ್ನೆ ಬೆಳಿಗ್ಗೆ ತುರ್ತಾಗಿ ಆಪರೇಷನ್ ಮಾಡಿದರು. ಇನ್ನೊಂದು ದಿನ ತಡೆದಿದ್ದರೆ ಏನಾಗುತ್ತಿತ್ತೆಂದು ಸರ್ಜನ್ ನನಗೆ ಬಿಡಿಸಿ ಹೇಳಿದರು. ಇದನ್ನು ಅಮ್ಮನಿಗೆ ಹೇಳಬೇಡಿ, ಅವಳು ಅದಕ್ಕೂ ಒಂದು ಕಾಗದ ಬರೆಯುತ್ತಾಳೆ ಅಂದೆ.

ಯಾವ ಕೊಬ್ಬನ್ನೂ ತೆಗೆದಿಲ್ಲ. ಕಾಲಿನದಕ್ಕೆ ಒಪ್ಪಿಗೆ ಬಂದಿರಲಿಲ್ಲ. ಹೊಟ್ಟೆಯದಕ್ಕೆ ನೀನು ಸಹಿ ಹಾಕಿರಲಿಲ್ಲ, ಜ್ವರದಲ್ಲಿದ್ದವಳ ಕೈಲಿ ಹಾಕಿಸುವಂತೆಯೂ ಇಲ್ಲ. ಸರಿಯೇ ಆಯಿತು.

ನರ್ಸ್ ಬೆಡ್‌ಶೀಟ್ ಬದಲಿಸುವಾಗ ನಿನ್ನ ಕಾಲು ನೋಡಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ನೀನು ಮನೆಯಲ್ಲೂ ಯಾವತ್ತೂ ಸೀರೆ ಎತ್ತಿ ಕಟ್ಟಿದವಳಲ್ಲ. ನೀಲಿ ಗುರುತು ಹದಿನಾಲ್ಕು ಇದ್ದವು.

ಸಂಜೆ ಬಸ್ಸಿಗೆ ಹೋಗುತ್ತೇನೆ. ನೀರು ಕುಡಿ.

ಕೋಮಲಾ

*

ಅಜ್ಜಂಪುರ
10 ಸೆಪ್ಟೆಂಬರ್ 2023

ಕೋಮಲಾ,

ನಾನು ನಿದ್ದೆಯಲ್ಲಿರಲಿಲ್ಲ. ನೀನು ಬೆಡ್‌ಶೀಟ್ ಸರಿಮಾಡಿ ಪಾದ ಹಿಡಿದುಕೊಂಡು ಕೂತಿದ್ದು ಗೊತ್ತಾಯಿತು. ಕಣ್ಣು ಬಿಟ್ಟರೆ ಬಿಡುತ್ತೀಯ ಎಂದು ಸುಮ್ಮನಿದ್ದೆ.

ಈಗ ಬರೆಯುತ್ತೇನೆ, ಅರ್ಧಕ್ಕೆ ನಿಲ್ಲಿಸುವುದಿಲ್ಲ. ನೀನು ಏಳನೇ ಕ್ಲಾಸಿನ ಬೇಸಿಗೆಯಲ್ಲಿ ಚೂಡಿದಾರಿಗೆ ಅಳತೆ ಕೊಡಲು ನಿಂತಿದ್ದೆ. ಪಾದದ ಗಂಟಿನ ಹತ್ತಿರ ಟೇಪು ಸುತ್ತಿದಾಗ ನನ್ನ ಕೈ ನಿಂತಿತು. ಆ ಕಡಗ. ನನ್ನ ಅಮ್ಮನಿಗೆ ಇದ್ದದ್ದು, ನನಗೆ ಬಂದದ್ದು, ಮಗಳ ಕಾಲಿನಲ್ಲಿ ಶುರುವಾಗಿತ್ತು. ಅದು ಏನೆಂದು ನನಗೆ ಗೊತ್ತಿರಲಿಲ್ಲ. ಅದು ಬಂದ ಮೇಲೆ ಜನ ಏನೆಲ್ಲ ಅನ್ನುತ್ತಾರೆಂದು ಗೊತ್ತಿತ್ತು. ಊಟ ಕಟ್ಟಿದರೆ ನಿಲ್ಲುತ್ತದೆಂದು ಹಟಕ್ಕೆ ಬಿದ್ದೆ. ನನ್ನ ಮೇಲೆ ಮೂರು ಸಲ ಸೋತಿದ್ದ ಉಪಾಯ ನಿನ್ನ ಮೇಲೆ ಗೆಲ್ಲುತ್ತದೆಂದು ಹೇಗೆ ನಂಬಿದೆನೋ! ಹೆದರಿಕೆಗೆ ಬುದ್ಧಿ ಇರುವುದಿಲ್ಲ. ಆಮೇಲೆ ಹೆದರಿಕೆ ಹೋಗಿ ಸಿಟ್ಟು ಉಳಿಯಿತು, ಅದನ್ನು ನಿನ್ನ ಮೇಲೆ ಹಾಕಿದೆ.

ಆ ರವಿಕೆಯ ಎರಡಿಂಚು ಬೇಕೆಂದೇ ಮಾಡಿದ್ದು. ಹೆದರಿಕೆ ಅಂತ ಅದಕ್ಕೆ ಹೆಸರಿಡುವುದಿಲ್ಲ. ಅದು ಕೆಟ್ಟತನ.

ಇನ್ನು ಕೆಲಸದ ಮಾತು. ನಿಮ್ಮ ಕಮಿಟಿಯಿಂದ ಬಂದ ಕಾಗದದಲ್ಲಿ, ಒಬ್ಬರ ಸಲುವಾಗಿ ಹೊಸ ಅಧ್ಯಯನ ಮಾಡಲಾಗದು ಎಂದಿದೆ. ಸರಿ. ಎಷ್ಟು ಜನ ಬೇಕು? ಆಪರೇಷನ್ ಆದ ಹದಿನೈದನೇ ದಿನದಿಂದ ಪುಸ್ತಕ ನೋಡಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ. ಬಟ್ಟೆ ವಿಷಯವೇ ಎಂದು ಕೇಳುತ್ತಾರೆ. ಕಾಲಿನ ವಿಷಯ ಅಂದರೆ ಅರ್ಧ ಗಂಟೆ ಫೋನ್ ಇಡುವುದಿಲ್ಲ. ಅಮೃತಾಪುರದ ಒಬ್ಬಾಕೆ ಅತ್ತುಬಿಟ್ಟಳು. ಇಬ್ಬರು ಬೈದರು. ಕಡೂರಿನ ವಿಶಾಲಾಕ್ಷಮ್ಮ, ರಿಟೈರ್ಡ್ ಮೇಡಂ, ‘ಪ್ರೇಮಮ್ಮ, ಮೂವತ್ತು ವರ್ಷ ನಾನು ಬೋರ್ಡಿನ ಮುಂದೆ ನಿಂತಾಗ ಹಿಂದಿನ ಬೆಂಚಿನೋರು ಆನೆ ಆನೆ ಅಂತಿದ್ರು. ಎಲ್ಲಿಗೆ ಬರ್ಬೇಕು ಹೇಳಿ’ ಅಂದರು.

ಇದುವರೆಗೆ ನನ್ನನ್ನೂ ಸೇರಿಸಿ ಹನ್ನೊಂದು ಜನ ಆಗಿದ್ದೇವೆ. ಹೆಸರು ಕೊಡುವುದಿಲ್ಲ, ಸಂಖ್ಯೆ ಕೊಡುತ್ತೇನೆ. ನಿಮ್ಮ ಮೇಡಂಗೆ ಹೇಳು.

ಅಮ್ಮ

*

ಮೈಸೂರು
2 ಡಿಸೆಂಬರ್ 2023

ಅಮ್ಮ,

ಕಮಿಟಿ ಒಪ್ಪಿತು.

ಮೂರು ಸಭೆಯಾಯಿತು. ಒಬ್ಬರು, ಟೈಲರ್ ಪುಸ್ತಕ ನೋಡಿ ಅಧ್ಯಯನ ಮಾಡುವುದೇ ಎಂದು ಕೇಳಿದರಂತೆ. ಸೀತಾದೇವಿ ಮೇಡಂ, ಮೂವತ್ತು ವರ್ಷ ಒಂದೇ ಕೈ, ಒಂದೇ ಟೇಪಿನಿಂದ ತೆಗೆದ ಅಳತೆ ನಮ್ಮ ಆಸ್ಪತ್ರೆಗಳಲ್ಲಿ ಎಲ್ಲಿದೆ ತೋರಿಸಿ ಅಂದರಂತೆ. ಆಮೇಲೆ ನಿನ್ನ ಕಾಗದ ಗಟ್ಟಿಯಾಗಿ ಓದಿದರು. ಉತ್ತರದಿಂದ ರಕ್ಷಿಸಬೇಡಿ ಎಂಬ ಸಾಲನ್ನು ಅಧ್ಯಕ್ಷರು ಬರೆದುಕೊಂಡರಂತೆ.

ಜನವರಿಯಲ್ಲಿ ಶಿವಮೊಗ್ಗದಲ್ಲಿ ಮಾದರಿ ತೆಗೆಯುತ್ತಾರೆ. ತೊಡೆಯಿಂದೊಂದು, ಹೊಟ್ಟೆಯಿಂದೊಂದು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು. ಮೊದಲು ಡಾಕ್ಟರ್ ಪ್ರತಿಯೊಬ್ಬರನ್ನೂ ಪರೀಕ್ಷೆ ಮಾಡುತ್ತಾರೆ, ಲಿಪೀಡಿಮಾ ಹೌದೋ ಅಲ್ಲವೋ ಹೇಳುತ್ತಾರೆ. ಯಾವ ಹಂತದಲ್ಲಿ ಬೇಕಾದರೂ ಬೇಡವೆಂದು ಎದ್ದು ಹೋಗಬಹುದು. ನೀನಿರುವುದರಿಂದ ನಾನು ಅಲ್ಲಿಗೆ ಬರುವಂತಿಲ್ಲ.

ನಿನ್ನ ಹಿಂದಿನ ಕಾಗದ ಮೂರು ತಿಂಗಳಿಂದ ನನ್ನ ಬ್ಯಾಗಿನಲ್ಲಿದೆ. ಏನು ಬರೆಯಬೇಕೆಂದು ಇನ್ನೂ ತಿಳಿದಿಲ್ಲ. ಕ್ಷಮಿಸಿದ್ದೇನೆ ಎಂದು ಬರೆದರೆ ಅದು ಸುಳ್ಳು. ಓದಿದ್ದೇನೆ, ಅದು ನಿಜ.

ಕೋಮಲಾ

*

ಅಜ್ಜಂಪುರ
21 ಜನವರಿ 2024

ಕೋಮಲಾ,

ಸುಳ್ಳು ಬರೆಯದಿದ್ದದ್ದು ಒಳ್ಳೆಯದಾಯಿತು.

ಒಂದು ವ್ಯಾನಿನಲ್ಲಿ ಹೋದೆವು. ಕಡೂರಿನಿಂದ ಮೂವರು, ತರೀಕೆರೆ ಕಡೆಯ ನಾಲ್ವರು, ನಾವು ಅಜ್ಜಂಪುರದ ಕಡೆಯ ನಾಲ್ವರು. ಹದಿನಾಲ್ಕು ಸೀಟಿನ ವ್ಯಾನಿನಲ್ಲಿ ಹನ್ನೊಂದು ಜನ ಇಕ್ಕಟ್ಟಾಗಿ ಕೂತೆವು. ಡ್ರೈವರ್ ಕನ್ನಡಿಯಲ್ಲಿ ನೋಡಿ, ‘ಅಕ್ಕ, ಟೈರು’ ಅಂದ. ವಿಶಾಲಾಕ್ಷಮ್ಮ ಮೇಡಂ ದನಿಯಲ್ಲಿ, ‘ರಸ್ತೆ ನೋಡಿ ಓಡ್ಸಪ್ಪ’ ಅಂದರು. ಆಮೇಲೆ ಅವನು ಶಿವಮೊಗ್ಗದವರೆಗೂ ಕನ್ನಡಿ ನೋಡಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಸೀರೆ ಎತ್ತಲು ಯಾರಿಗೂ ಮನಸ್ಸಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿದ್ದರು. ನಾನು ಮೊದಲು ಎತ್ತಿದೆ, ಮೊಳಕಾಲಿನ ಮೇಲಕ್ಕೆ. ಕರಿಯಮ್ಮ ಬಗ್ಗಿ ನೋಡಿ, ‘ಅಯ್ಯೋ ಪ್ರೇಮಕ್ಕ, ನಿಂದೂ ನನ್ ಥರಾನೇ ಐತಲ್ಲ! ಬಟ್ಟೆ ಹೊಲ್ಯೋಳು ಇಷ್ಟ್ ವರ್ಸ ಮುಚ್ಕಂಡಿದ್ಯಲ್ಲೇ’ ಅಂದಳು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಎತ್ತಿದರು. ಹನ್ನೊಂದು ಜನರಲ್ಲಿ ಇಬ್ಬರದು ಬೇರೆ ಕಾಯಿಲೆ ಅಂದರು ಡಾಕ್ಟರು, ಅವರಿಗೆ ಬೇರೆ ಔಷಧಿ ಬರೆದುಕೊಟ್ಟರು. ಒಂಬತ್ತು ಜನರದು ನೀನು ಹೇಳಿದ್ದೇ.

ನಿಮ್ಮ ಲ್ಯಾಬಿನ ಹುಡುಗಿ ಅನ್ವಿತಾ ಒಪ್ಪಿಗೆ ಪತ್ರ ಓದಿ ಹೇಳಿದಳು. ವಿಶಾಲಾಕ್ಷಮ್ಮ ಅದನ್ನು ಇಸಿದುಕೊಂಡು ಪೆನ್ನಿನಲ್ಲಿ ಐದು ಕಾಗುಣಿತದ ತಪ್ಪು ತಿದ್ದಿ ವಾಪಸ್ ಕೊಟ್ಟರು. ‘ಇದರಿಂದ ನಿಮಗೆ ಯಾವ ಲಾಭವೂ ಆಗದಿರಬಹುದು’ ಎಂಬ ಸಾಲು ಬಂದಾಗ ಅನ್ವಿತಾಳಿಗೇ ಸಂಕೋಚವಾಗಿ ದನಿ ಇಳಿಯಿತು.

ಕರಿಯಮ್ಮ, ‘ಆಗ್ದಿದ್ರೆ ಬಿಡವ್ವ. ಇಪ್ಪತ್ತು ವರ್ಸದಿಂದ ಒಬ್ರೂ ನನ್ ಕಾಲು ಮುಟ್ಟಿ ನೋಡಿಲ್ಲ. ಎಲ್ರೂ ಬಾಯಿ ಕಡೆ ಕೈ ತೋರ್ಸಿ ಕಳುಸ್ತಿದ್ರು. ನೀವ್ ಮುಟ್ಟಿ ನೋಡಿದ್ರಲ್ಲ. ಎಲ್ ಹೆಬ್ಬೆಟ್ಟು ಒತ್ಲಿ?’ ಅಂದಳು.

ಇಂಜೆಕ್ಷನ್ ಚುಚ್ಚಿದಾಗ ನೋವಾಯಿತು. ಆಮೇಲೆ ಏನೂ ಆಗಲಿಲ್ಲ. ಒಂದು ಪುಟ್ಟ ಬಾಟಲಿಯಲ್ಲಿ ಹಳದಿ ಚೂರು. ಇಷ್ಟಕ್ಕೇನಾ ನಾನು ನಿನ್ನನ್ನು ಹಸಿವಿನಲ್ಲಿ ಇಟ್ಟಿದ್ದು ಅನ್ನಿಸಿತು. ಅನ್ವಿತಾಳಿಗೆ ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ಅಮ್ಮ

*

ಮೈಸೂರು
17 ನವೆಂಬರ್ 2024

ಅಮ್ಮ,

ಮಧ್ಯದಲ್ಲಿ ಎರಡು ಸಲ ಊರಿಗೆ ಬಂದುಹೋದೆ, ನೀನು ಎರಡು ಸಲವೂ ತೂಕ ಕೇಳಲಿಲ್ಲ. ಆದ್ದರಿಂದ ಈಗ ಫೋನ್ ಮಾಡಬಹುದು. ಆದರೂ ಇದನ್ನು ಕಾಗದದಲ್ಲೇ ಹೇಳಬೇಕು ಅನ್ನಿಸಿತು.

ನಿಮ್ಮ ಷರತ್ತಿನ ಪ್ರಕಾರ ಕನ್ನಡದಲ್ಲಿ ಒಂದು ಪುಟ ಬರೆದಿದ್ದೇವೆ, ಒಂಬತ್ತು ಪ್ರತಿ ಇದರ ಜೊತೆ ಇವೆ. ಸಾರಾಂಶ ಇಷ್ಟು. ನಿಮ್ಮ ಹೊಟ್ಟೆಯ ಕೊಬ್ಬಿಗೂ ಕಾಲಿನ ಕೊಬ್ಬಿಗೂ ಕೆಲವು ಮೈಕ್ರೋ ಆರ್‌ಎನ್‌ಎಗಳ ಪ್ರಮಾಣದಲ್ಲಿ ವ್ಯತ್ಯಾಸ ಕಂಡಿದೆ. ಒಂದೇ ಮೈಯಲ್ಲಿ ಎರಡು ಕಡೆ ಎರಡು ಥರ. ಆದರೆ ಹೊಟ್ಟೆಗೂ ಕಾಲಿಗೂ ಎಲ್ಲ ಹೆಂಗಸರಲ್ಲೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ನಿಮ್ಮಲ್ಲಿ ಇರುವುದು ಬೇರೆ ರೀತಿಯದೇ ಎಂದು ಹೇಳಲು ಒಂಬತ್ತು ಜನ ಸಾಲದು. ಅದರಿಂದಲೇ ಕಾಲು ಹೀಗಾಯಿತೋ, ಕಾಲು ಹೀಗಾದ್ದರಿಂದ ಅದು ಬದಲಾಯಿತೋ ಅದೂ ತಿಳಿದಿಲ್ಲ. ಇದರಿಂದ ಔಷಧಿ ಬರುತ್ತದೆಂದು ಯಾರಿಗೂ ಆಸೆ ಹುಟ್ಟಿಸಬೇಡ. ಬಿಗಿ ಕಾಲುಚೀಲ, ನಡಿಗೆ, ಡಾಕ್ಟರ್ ಹೇಳಿದ ವ್ಯಾಯಾಮ, ಸದ್ಯಕ್ಕೆ ಇಷ್ಟೇ.

ಮೊನ್ನೆ ಬೆಂಗಳೂರಿನ ಒಂದು ಸಮ್ಮೇಳನದಲ್ಲಿ ಇದನ್ನು ನಾನು ಹೇಳಿದೆ. ಇನ್ನೂರು ಜನ ಇದ್ದರು. ಪರದೆಯ ಮೇಲೆ ಮುಖವಿಲ್ಲದ ಒಂದು ಫೋಟೋ, ಸೊಂಟದಿಂದ ಪಾದದವರೆಗೆ. ಹೇಳಿ ಮುಗಿಸಿದ ಮೇಲೆ ಮುಂದಿನ ಸಾಲಿನ ಒಬ್ಬ ದೊಡ್ಡ ಡಾಕ್ಟರು ಎದ್ದರು. ‘ಮೈಕ್ರೋ ಆರ್‌ಎನ್‌ಎ ಎಲ್ಲ ಸರಿ. ಆದ್ರೆ ಈ ಪೇಷೆಂಟ್ ಸ್ವಲ್ಪ ಬಾಯಿ ಕಟ್ಟಿದ್ರೆ ಆಗ್ತಿರ್ಲಿಲ್ವೇ?’ ಅಂದರು. ಜನ ನಕ್ಕರು.

ನಾನು ಮತ್ತೆ ಹದಿಮೂರು ವರ್ಷದವಳಾಗಿಬಿಟ್ಟೆ. ಒಂದು ಕ್ಷಣ ಅಷ್ಟೇ. ಆಮೇಲೆ ಮೈಕು ಬಿಟ್ಟು ಮೇಜಿನ ಈಚೆ ಬಂದೆ. ಸೀರೆಯ ನೆರಿಗೆ ಹಿಡಿದು ಒಂದು ಗೇಣು ಎತ್ತಿದೆ.

‘ಆ ಪೇಷೆಂಟ್ ಹದಿಮೂರರಿಂದ ಹದಿನೇಳರವರೆಗೆ ಬಾಯಿ ಕಟ್ಟಿದ್ದಾಳೆ ಸರ್. ಪ್ರತಿ ವಾರದ ಅಳತೆ ಬರೆದಿಟ್ಟಿದೆ, ಬೇಕಾದರೆ ತೋರಿಸ್ತೀನಿ. ಆ ಫೋಟೋದಲ್ಲಿರೋ ಕಾಲು ಇವೇ’ ಅಂದೆ.

ಯಾರೂ ನಗಲಿಲ್ಲ. ಅವರು ಕೂತರು. ನಾನು ನೆರಿಗೆ ಬಿಡಲಿಲ್ಲ, ಮುಂದಿನ ಎರಡು ಪ್ರಶ್ನೆಗೂ ಹಾಗೇ ನಿಂತುಕೊಂಡು ಉತ್ತರ ಹೇಳಿದೆ.

ಕೋಮಲಾ

*

ಅಜ್ಜಂಪುರ
24 ನವೆಂಬರ್ 2024

ಕೋಮಲಾ,

ನನ್ನದೊಂದು ಇಟ್ಟುಕೊಂಡು ಉಳಿದ ಎಂಟು ಪ್ರತಿಯನ್ನೂ ತಲುಪಿಸಿದೆ. ಕರಿಯಮ್ಮನಿಗೆ ಓದಿ ಹೇಳಿದೆ.

ಆ ಡಾಕ್ಟರು ನಿನ್ನನ್ನು ಕೇಳಿದ ಪ್ರಶ್ನೆಯನ್ನು ನಿನಗೆ ಎಲ್ಲರಿಗಿಂತ ಮೊದಲು ಕೇಳಿದವಳು ನಾನು. ಆದ್ದರಿಂದ ಅದಕ್ಕೆ ಉತ್ತರ ಬರೆಯಬೇಕಾದವಳೂ ನಾನೇ.

ಆತನ ಹೆಸರು, ವಿಳಾಸ ಕಳಿಸು.

ನಿನ್ನ ಅಮ್ಮ